ಬಸ್ಸಿಲ್ಲದ ಗುಡ್ಡದ ಮೇಲೆ ಹೊಲಿಗೆಯಕ್ಕ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಹೊಲಿಯುವ ಕೋಣೆಯೊಂದಿದೆ. ಅಂಚು ಬಿಚ್ಚಿದ ಪರದೆ, ಗುಂಡಿ ಕಿತ್ತ ರೋಗಿಗಳ ಅಂಗಿ, ನಟ್ಟನಡುವೆ ಹರಿದ ಹಾಸುಬಟ್ಟೆ, ಹೀಗೆ ಮೇಲಿನ ವಾರ್ಡುಗಳಲ್ಲಿ ಸವೆದದ್ದೆಲ್ಲ ಕೊನೆಗೆ ಅಲ್ಲಿಗೇ ಇಳಿದು ಬರುತ್ತದೆ. ಕೋಣೆಯ ಕಿಟಕಿ ಹೊರಗಿನ ನೆಲದ ಮಟ್ಟದಲ್ಲಿರುವುದರಿಂದ ಅದರಲ್ಲಿ ಕಾಣುವುದು ಬರೀ ಕಾಲುಗಳು. ಪಾಲಿಶ್ ಹೊಡೆದ ಬೂಟು ಯಾರದು, ಹಿಮ್ಮಡಿ ಸವೆದ ಚಪ್ಪಲಿ ಯಾರದು, ಒಳ್ಳೆಯ ಸುದ್ದಿ ಹೊತ್ತು ಮನೆಗೆ ಹೊರಟವರ ನಡಿಗೆ ಯಾವುದು ಎಂಬುದನ್ನು ಹೊಲಿಗೆಯಕ್ಕ ಓರೆಗಣ್ಣಿನಲ್ಲೇ ಗುರುತಿಸಬಲ್ಲಳು. ಪ್ರಾಯದ ಬಹುಪಾಲನ್ನು ಅವಳು ಆ ಕಿಟಕಿಯ ಕೆಳಗೇ ಕಳೆದಿದ್ದಾಳೆ.

ಹೊಸದಾಗಿ ಕೆಲಸಕ್ಕೆ ಸೇರುವ ಹೆಂಗಸರಿಗೆ ಅವಳು ಹೇಳಿಕೊಡುವ ಮೊದಲ ಪಾಠ ಯಾವಾಗಲೂ ಒಂದೇ. "ಸೂಜಿ ನೋಡಬೇಡ ಕಣೇ. ಸೂಜಿ ತನ್ನ ಪಾಡಿಗೆ ತಾನು ಕುಟ್ಕೊಂಡಿರುತ್ತೆ. ಅದರ ಮುಂದಿನ ಬಟ್ಟೆ ನೋಡು. ಸೂಜಿ ನೋಡ್ಕೊಂಡು ಹೊಲಿದರೆ ಹಾವು ಹರಿದ ಹಾಗೆ ಆಗುತ್ತೆ ಹೊಲಿಗೆ."

ವಾರ್ಡಿನ ನರ್ಸುಗಳು ಇಟ್ಟ ಹೆಸರು ಅವಳ ಹಿಂದೆಯೇ ಅವಳಿದ್ದ ಬೀದಿಗೂ ಬಂದಿತು. ಅಂಗಡಿಯವನಿಂದ ಹಿಡಿದು ಮೇಲಿನ ಮನೆಯ ಮಕ್ಕಳವರೆಗೆ ಎಲ್ಲರಿಗೂ ಅವಳು ಹೊಲಿಗೆಯಕ್ಕ. ಅಕ್ಕನ ಗಂಡ ಭಾವನಾಗಲೇಬೇಕಲ್ಲ, ಹೀಗಾಗಿ ಬಸ್ಸು ಓಡಿಸುತ್ತಿದ್ದ ಅವಳ ಗಂಡ ಇಡೀ ಬೀದಿಗೆ ಡ್ರೈವರ್ ಭಾವನಾದ. ತನಗಿಂತ ಹಿರಿಯರೂ ತನ್ನನ್ನು ಭಾವ ಎನ್ನುವುದನ್ನು ಕೇಳಿ ಅವನು, "ನನಗೆ ಊರೆಲ್ಲ ನಾದಿನಿಯರು, ಊರೆಲ್ಲ ಬಾಮೈದರು. ಉಡುಗೊರೆ ಕೊಡೋರು ಮಾತ್ರ ಒಬ್ಬರೂ ಇಲ್ಲ" ಎಂದು ನಗುತ್ತಿದ್ದ.

ಅವನ ಬಸ್ಸು ಹೋಗುತ್ತಿದ್ದುದು ಊರಂಚಿನ ಗುಡ್ಡದ ಮೇಲೆ. ಗುಡ್ಡವೆಂದರೆ ಒಂದಲ್ಲ, ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟು ನಿಂತ ಹಾಗೆ ಸಾಲಾಗಿ ಹಬ್ಬಿದ ಗುಡ್ಡಗಳು, ಅವುಗಳ ಮೇಲೆ ಹುಲ್ಲುಗಾವಲು, ಎತ್ತರದ ಮರಗಳು, ನಡುನಡುವೆ ಕೆರೆ. ಊರಿನವರು ಅದನ್ನೆಲ್ಲ ಒಟ್ಟಾಗಿ ಪಾರ್ಕು ಎನ್ನುತ್ತಿದ್ದರು. ಮೇಲೆ ಹತ್ತಿ, ಸುತ್ತಿ, ಆಚೆ ಬದಿಯ ಮನೆಗಳ ಕಡೆಗೆ ಇಳಿಯುವ ಡಾಂಬರು ರಸ್ತೆಯಲ್ಲಿ ಭಾವನ ಬಸ್ಸು ದಿನವಿಡೀ ಹೋಗಿ ಬರುತ್ತಿತ್ತು. ಆ ರಸ್ತೆಯ ಪ್ರತಿ ತಿರುವಿಗೂ ಡ್ರೈವರುಗಳೇ ಹೆಸರಿಟ್ಟುಕೊಂಡಿದ್ದರು. ತಟ್ಟನೆ ಎದುರಿಗೆ ಚಾಚಿಕೊಳ್ಳುವ ಬಂಡೆಯ ತಿರುವು ಮಾವನ ಮೂಗು. ಗೇರು ಬದಲಿಸುವಾಗ ಇಂಜಿನ್ನು ಕಿರುಗುಟ್ಟುವ ಜಾಗ ಹಲ್ಲುಕಡಿ ಏರು. ನಿಧಾನವಾಗಿ ಒಳಹೊಕ್ಕು ಬೇಗನೆ ಹೊರಬರಬೇಕಾದ ತಿರುವಿಗೆ ಅತ್ತೆಮನೆ ಎಂದು ಹೆಸರು. ಸಂಜೆ ಊಟಕ್ಕೆ ಕೂತಾಗ ಅವನು ಈ ಹೆಸರುಗಳನ್ನು ನೆಂಟರ ಸುದ್ದಿ ಹೇಳುವಂತೆ ಹೇಳುತ್ತಿದ್ದ. ಅಕ್ಕ ಆ ಗುಡ್ಡವನ್ನು ಹತ್ತಿದವಳೇ ಅಲ್ಲ. ಅವಳ ಆಸ್ಪತ್ರೆಯಿದ್ದುದು ಊರಿನ ಇನ್ನೊಂದು ತುದಿಯಲ್ಲಿ. ಆದರೂ ಆ ರಸ್ತೆ ಅವಳಿಗೆ ಬಾಯಿಪಾಠವಾಗಿತ್ತು.

ಭಾವನ ಕಣ್ಣು ಅಂಚಿನಿಂದ ಮಂಕಾಗತೊಡಗಿತು. ಮೊದಲು ಕನ್ನಡಿಯಲ್ಲಿ ಬಸ್ಸಿನ ಹಿಂಬಾಗಿಲು ಕಾಣದಾಯಿತು, ಆಮೇಲೆ ಪಕ್ಕದಲ್ಲಿ ಬರುವ ವಾಹನ. ಯಾರೂ ಹೇಳುವ ಮೊದಲೇ ಅವನು ಒಂದು ಮಧ್ಯಾಹ್ನ ಬಸ್ಸನ್ನು ಡಿಪೋಗೆ ತಂದು, ಬೀಗದ ಕೈಯನ್ನು ಮೇಲ್ವಿಚಾರಕನ ಮೇಜಿನ ಮೇಲಿಟ್ಟು, "ಇನ್ನು ಜನರ ಜೀವದ ಜೊತೆ ಆಟ ಆಡೋಕಾಗಲ್ಲ" ಎಂದು ನಡೆದುಕೊಂಡೇ ಮನೆಗೆ ಬಂದ. ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ವೈದ್ಯರು ತಿಳಿಸಿದರು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ಅವನಿಗೆ ಉಳಿಯಿತು. ಅದೇ ಹೊತ್ತಿಗೆ ಗುಡ್ಡದ ಬುಡ ಬಳಸಿ ಹೊಸ ಹೆದ್ದಾರಿ ಬಂತು. ಹಳೆಯ ರಸ್ತೆಯ ಎರಡೂ ತುದಿಗೆ ಕಲ್ಲುಕಂಬ ನೆಟ್ಟು, ಮೋಟಾರು ವಾಹನಗಳನ್ನು ನಿಲ್ಲಿಸಿ, ಅದನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು.

"ನನ್ನ ಕಣ್ಣು ಮುಚ್ಚಿತು, ರಸ್ತೇನೂ ಮುಚ್ಚಿದರು. ಲೆಕ್ಕ ಸರಿಹೋಯ್ತು" ಎಂದ ಭಾವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಕೂತವನು ಏಳಲಿಲ್ಲ. ಕೋಲು ಹಿಡಿಯಲು ಒಲ್ಲ, ಇನ್ನೊಬ್ಬರ ತೋಳು ಹಿಡಿಯಲು ಸುತರಾಂ ಒಲ್ಲ. ಊರನ್ನೇ ಹೊತ್ತು ತಿರುಗಿಸಿದವನನ್ನು ಈಗ ಯಾರೋ ಕೈಹಿಡಿದು ಅಂಗಡಿಗೆ ಕರೆದೊಯ್ಯುವುದೆಂದರೆ ಅವನಿಗೆ ಸಾವಿಗಿಂತ ಹೆಚ್ಚಿನ ಅವಮಾನವಾಗಿತ್ತು. ಅವನ ಕಾಲಿನ ಮೀನಖಂಡ ಕರಗಿತು. ಮಾತು ಕಡಿಮೆಯಾಯಿತು. ಒಂದು ದಿನ ಮನೆ ಗುಡಿಸುತ್ತಿದ್ದ ಅಕ್ಕ, ಮೇಜನ್ನು ಸರಿಸಿದ ಹಾಗೆ ಅವನ ಕಾಲನ್ನೂ ಕೈಯಿಂದ ಪಕ್ಕಕ್ಕೆ ಸರಿಸಿ, ಪೊರಕೆ ಆಡಿಸಿ, ಮುಂದೆ ಹೋದಳು. ಸರಿಸಿದ ಕಾಲು ಸರಿಸಿದಲ್ಲೇ ಉಳಿಯಿತು. ಅಡುಗೆಮನೆಗೆ ಹೋದ ಮೇಲೆ ಅವಳಿಗೆ ತಾನು ಮಾಡಿದ್ದು ಹೊಳೆಯಿತು. ಗಂಡ ಮನೆಯ ಸಾಮಾನುಗಳಲ್ಲೊಂದಾಗಿಬಿಟ್ಟಿದ್ದ. ಅವನನ್ನು ಆ ಕುರ್ಚಿಯಿಂದ ಎಬ್ಬಿಸದಿದ್ದರೆ ಬದುಕಿದ್ದಾಗಲೇ ಕಳೆದುಕೊಂಡಂತೆ ಎಂಬ ಭಯ ಅಂದು ಅವಳ ಎದೆಯಲ್ಲಿ ಕೂತಿತು.

ಅವಳು ಗುಡ್ಡ ನೋಡಿದ್ದು ಅದಾದ ಕೆಲವೇ ದಿನಗಳಲ್ಲಿ. ರಜೆಯ ದಿನ ತಲೆ ಬಿಸಿಯಾಗಿ, ಸಿಕ್ಕಿದ ಬಸ್ಸು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಕಲ್ಲುಕಂಬಗಳು. ಅವುಗಳ ನಡುವೆ ನುಸುಳಿ ಅವಳು ಏರತೊಡಗಿದಳು. ಮೊದಲ ತಿರುವು ದಾಟುತ್ತಲೇ ಊರಿನ ಸದ್ದು, ಬಾಗಿಲು ಹಾಕಿಕೊಂಡ ಹಾಗೆ ನಿಂತುಹೋಯಿತು. ಅಕ್ಕನೂ ನಿಂತಳು.

ಅಷ್ಟಗಲದ ರಸ್ತೆ ಅವಳ ಮುಂದೆ ಬರಿದಾಗಿ ಮಲಗಿತ್ತು. ನಡುವಿನ ಬಿಳಿ ಗೆರೆ ಮಾಸಿ, ಅದರ ಬಿರುಕಿನಲ್ಲಿ ಹಳದಿ ಹೂವಿನ ಹುಲ್ಲು ಎದ್ದಿತ್ತು. ಒಂದು ವಾಹನವಿಲ್ಲ, ಒಂದು ಹಾರನ್ನಿಲ್ಲ. ಮರಗಳ ನೆರಳು ಯಾರ ಕಾಲಿಗೂ ಸಿಗದೆ ಇಡಿಯಾಗಿ ಬಿದ್ದಿತ್ತು. ಹುಟ್ಟಿದಾಗಿನಿಂದ ರಸ್ತೆಯೆಂದರೆ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯುವ ಜಾಗವೆಂದೇ ತಿಳಿದಿದ್ದವಳು ಈಗ ಅದರ ನಟ್ಟನಡುವೆ ನಿಂತು, ಯಾರದೋ ದೊಡ್ಡ ಮನೆಯೊಳಗೆ ಹೇಳದೆ ಕೇಳದೆ ನುಗ್ಗಿದವಳಂತೆ ಸೆರಗು ಸರಿಮಾಡಿಕೊಂಡಳು. ಮೇಲಿನಿಂದ ಸೈಕಲ್ಲುಗಳ ಹಿಂಡೊಂದು ಇಳಿದು ಬಂತು. ರೇಷ್ಮೆ ಬಟ್ಟೆಯನ್ನು ಒಂದೇ ಎಳೆತಕ್ಕೆ ಸೀಳಿದಾಗ ಬರುವಂಥ ಸದ್ದು; ಅಷ್ಟೇ. ಅವು ಅವಳ ಎಡಬಲಕ್ಕೆ ಹರಿದು ಹೋದ ಮೇಲೆ ಮತ್ತೆ ಮೌನ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಈ ಬೆಟ್ಟ ಹತ್ತಿರ ಹೋದಷ್ಟೂ ದೊಡ್ಡದಾಗುತ್ತ, ತನ್ನನ್ನು ಚಿಕ್ಕವಳನ್ನಾಗಿ ಮಾಡುತ್ತ ಹೋಯಿತೆಂದು ಅವಳು ಇಂದಿಗೂ ಹೇಳುತ್ತಾಳೆ. ಎದುರಿಗೊಂದು ಬಂಡೆ ಚಾಚಿಕೊಂಡಾಗ ಅವಳ ಬಾಯಿ ತಾನಾಗಿ "ಮಾವನ ಮೂಗು" ಎಂದಿತು. ನೋಡಿರದ ನೆಂಟನ ಗುರುತು ಹಿಡಿದಂತಾಗಿ ಅವಳ ಕಣ್ಣು ತುಂಬಿತು.

ಇಳಿದು ಬರುವಾಗ ಕಂಬಗಳ ಹತ್ತಿರದ ಶೆಡ್ಡಿನಲ್ಲಿ ಅವಳು ಎರಡು ಸೀಟಿನ ಸೈಕಲ್ಲೊಂದನ್ನು ಕಂಡಳು. ಸೈಕಲ್ಲುಗಳನ್ನು ಬಾಡಿಗೆಗೆ ಕೊಡುವ ಆ ಶೆಡ್ಡಿನವನ ಉಗುರು, ಮೂಗು, ಕಿವಿಯ ಹಾಲೆ ಎಲ್ಲದರಲ್ಲೂ ಕಪ್ಪು ಮೆತ್ತಿಕೊಂಡಿದ್ದರಿಂದ ಜನ ಅವನನ್ನು ಗ್ರೀಸಣ್ಣ ಎನ್ನುತ್ತಿದ್ದರು.

"ಇದನ್ನ ಯಾರು ತುಳೀತಾರಣ್ಣ?"

"ಹೊಸದಾಗಿ ಮದುವೆಯಾದೋರು. ಒಂದು ಸಲ ತುಳೀತಾರೆ, ಆಮೇಲೆ ಜಗಳ ಆಡಿ ಬೇರೆ ಬೇರೆ ಸೈಕಲ್ ಕೇಳ್ತಾರೆ." ಅವನು ಕೈ ಒರೆಸಿಕೊಂಡ. "ಮುಂದೆ ಕೂತವರದು ಕಣ್ಣು, ಹಿಂದೆ ಕೂತವರದು ಕಾಲು. ಮುಂದಿರೋರು ಗುಂಡಿ ಬಂದರೆ ಗುಂಡಿ ಅನ್ನಬೇಕು, ತಿರುವು ಬಂದರೆ ತಿರುವು ಅನ್ನಬೇಕು. ಹಿಂದಿರೋರಿಗೆ ಕಾಣೋದು ಮುಂದಿನವರ ಬೆನ್ನು ಒಂದೇ."

"ಬೆನ್ನೂ ಕಾಣದವರು ಕೂತರೆ?"

ಗ್ರೀಸಣ್ಣ ಅವಳ ಮುಖ ನೋಡಿದ. "ಅಂಥೋರು ಕೂರಬಾರದು ಅಂತ ಸೈಕಲ್ಲೇನೂ ಹೇಳಲ್ಲ" ಎಂದ.

ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲು ಕದ್ದು ಓಡಿಸಿದ್ದ ಬಲವಷ್ಟೇ ಅಕ್ಕನಿಗಿದ್ದುದು. ರಜೆ ಬಂದಾಗಲೆಲ್ಲ ಅವಳು ಶೆಡ್ಡಿಗೆ ಹೋಗಿ, ಹಿಂದಿನ ಸೀಟಿಗೆ ಮರಳಿನ ಮೂಟೆ ಕಟ್ಟಿಸಿಕೊಂಡು, ಕೆರೆಯ ಸುತ್ತಿನ ಸಮತಟ್ಟು ದಾರಿಯಲ್ಲಿ ತುಳಿದಳು. ಮುಂದಿನ ಚಕ್ರ ನೋಡುತ್ತಿದ್ದಷ್ಟು ದಿನ ಸೈಕಲ್ಲು ಕುಡಿದವನಂತೆ ಓಲಾಡಿತು. ತಾನೇ ಊರಿಗೆಲ್ಲ ಹೇಳಿದ ಪಾಠ ನೆನಪಾಗಿ, ಚಕ್ರ ಬಿಟ್ಟು ಅದರ ಮುಂದಿನ ರಸ್ತೆ ನೋಡಿದ ಕೂಡಲೇ ಅದು ಗೆರೆ ಹಿಡಿದು ನಡೆಯಿತು.

"ಅಕ್ಕ, ಮೂಟೆ ಜೊತೆ ಪಾಸಾದ್ರಿ" ಎಂದ ಗ್ರೀಸಣ್ಣ. "ಆದರೆ ಮೂಟೆ ಸುಮ್ಮನಿರುತ್ತೆ. ಗಂಡ ಮಾತಾಡ್ತಾನೆ."

ಮನೆಯಲ್ಲಿ ಅವಳು ಬೇಡಿಕೊಳ್ಳಲಿಲ್ಲ. ಬೇಡಿಕೊಂಡರೆ ಅವನು ಇನ್ನಷ್ಟು ಕಲ್ಲಾಗುತ್ತಾನೆಂದು ಗೊತ್ತಿತ್ತು. "ರೀ, ನಾನು ಗುಡ್ಡದ ಮೇಲೆ ಸೈಕಲ್ ಓಡಿಸ್ಬೇಕು ಅಂತಿದ್ದೀನಿ" ಎಂದಳು. "ಎಲ್ಲಿ ಗೇರು ಹಾಕ್ಬೇಕು, ಎಲ್ಲಿ ಬ್ರೇಕು ಹಿಡೀಬೇಕು, ಒಂದೂ ಗೊತ್ತಿಲ್ಲ. ಹಿಂದೆ ಕೂತು ಹೇಳಿಕೊಡೋರು ಬೇಕು."

ಮೇಲಿನ ಮನೆಯಲ್ಲಿದ್ದ ಭಾವನ ಒಡಹುಟ್ಟಿದ ಅಕ್ಕ, ಎಂದರೆ ಹೊಲಿಗೆಯಕ್ಕನ ಅತ್ತಿಗೆ, ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು. "ಚೆನ್ನಾಗಿದೆ. ಮೊಮ್ಮಕ್ಕಳು ಆಡೋ ವಯಸ್ಸಲ್ಲಿ ನೀವು ಆಡಿ. ಬಿದ್ದರೆ ನಿನ್ನ ಆಸ್ಪತ್ರೆ ಇದ್ದೇ ಇದೆ, ಅಲ್ಲೇ ಹೊಲಿಗೆ ಹಾಕ್ಕೋ."

ಭಾವ ಕುರ್ಚಿಯ ತೋಳಿನ ಮೇಲೆ ಗೇರು ಬದಲಿಸುವಂತೆ ಕೈಯಾಡಿಸಿದ. ಆಮೇಲೆ ಕೇಳಿದ: "ಹಲ್ಲುಕಡೀಲಿ ಮೇಲಿನ ಗೇರಲ್ಲಿ ಹೋದರೆ ನಡುದಾರೀಲಿ ನಿಲ್ತೀಯ. ಗೊತ್ತಾ?"

"ಅದನ್ನೇ ನಾನು ಹೇಳಿದ್ದು, ಗೊತ್ತಿಲ್ಲ ಅಂತ."

ಹೀಗೆ ಅವನು ಕುರುಡನಾಗಿಯಲ್ಲ, ಗುರುವಾಗಿ ಮನೆಯಿಂದ ಹೊರಟ. ಮೊದಲ ಏರು ನಿಜಕ್ಕೂ ಬೆರಗಾಗುವಂತಿತ್ತು. ನೆಲ ಓರೆಯಾದ ಮಾತ್ರಕ್ಕೆ ತಾವೆಲ್ಲಿದ್ದೇವೆಂದು ಅವನು ಹೇಳುತ್ತಿದ್ದ. "ಈಗ ಸ್ವಲ್ಪ ಸಮ ಬರುತ್ತೆ, ಉಸಿರು ತಗೋ. ಈಗ ಎಡಗಡೆ ತಂಪು ಗಾಳಿ ಬಂತಲ್ಲ, ಕೆರೆ. ಗೇರು ಇಳಿಸು." ಅಕ್ಕ ಇಳಿಸಿದಳು. ಕಾಲು ಸೋತರೂ ಹಲ್ಲುಕಡಿ ಏರನ್ನು ಇಬ್ಬರೂ ಇಳಿಯದೆ ಹತ್ತಿದರು. ಈಗ ಕಣ್ಣಿಗೆ ಕಾಣದ ರಸ್ತೆಯನ್ನು ಒಬ್ಬ ಮನುಷ್ಯ ತನ್ನೊಳಗೆ ಇಷ್ಟು ಪೂರ್ತಿಯಾಗಿ ಇಟ್ಟುಕೊಂಡಿರಬಹುದೆಂದು ಅವಳಿಗೆ ಆವರೆಗೆ ತಿಳಿದಿರಲಿಲ್ಲ.

ಆಮೇಲೆ ಇಳಿಜಾರು, ಅದರ ಬುಡದಲ್ಲಿ ಅತ್ತೆಮನೆ ತಿರುವು. ರಸ್ತೆ ಎಡಕ್ಕೆ ಮಡಚಿಕೊಳ್ಳುವ ಮೊದಲೇ ಭಾವನ ದನಿ ಗಟ್ಟಿಯಾಯಿತು. "ಬಲಕ್ಕೆ ಎಳಿ."

"ತಿರುವು ಎಡಕ್ಕಿದೆಯಲ್ರೀ."

"ಹೇಳಿದಷ್ಟು ಮಾಡು. ಬಲಕ್ಕೆ. ಇನ್ನೂ ಬಲಕ್ಕೆ. ಪೂರಾ ಅಂಚಿಗೆ ಹೋಗು. ಹಾ, ಈಗ ತಿರುಗಿಸು."

ಅಷ್ಟು ಉದ್ದದ ಬಸ್ಸನ್ನು ಎಡಕ್ಕೆ ಹೊರಳಿಸಬೇಕಾದರೆ ಮೊದಲು ಅದರ ಮೂತಿಯನ್ನು ಬಲಕ್ಕೆ ಒಯ್ಯಬೇಕು; ಇಲ್ಲವಾದರೆ ಹಿಂದಿನ ಚಕ್ರ ಒಳಗಿನ ಕಲ್ಲಿಗೆ ಉಜ್ಜುತ್ತದೆ. ಸೈಕಲ್ಲಿಗೆ ಹಾಗೆ ಉಜ್ಜುವಂಥ ಹಿಂಬದಿಯೇ ಇಲ್ಲ. ಬಲದಂಚಿನಲ್ಲಿ ವರ್ಷಗಳಿಂದ ಚಕ್ರ ಸೋಕದ ಡಾಂಬರಿನ ಮೇಲೆ ಪಾಚಿ, ಪಾಚಿಯ ಮೇಲೆ ಕೊಳೆತ ಎಲೆ. ಸೈಕಲ್ಲು ಜಾರಿ, ಇಬ್ಬರನ್ನೂ ಹುಲ್ಲಿನ ಹಳ್ಳಕ್ಕೆ ಚೆಲ್ಲಿತು.

ಅಕ್ಕನ ಮೊಣಕೈ ತರಚಿತ್ತು. ಭಾವನಿಗೆ ಏನೂ ಆಗಿರಲಿಲ್ಲ. ಅವನು ಒದ್ದೆ ಹುಲ್ಲಿನಲ್ಲಿ ಕೂತು, ಸುತ್ತ ಕೈಯಾಡಿಸಿ ಅವಳ ಕೈ ಹುಡುಕಿದ. ಬೆರಳಿಗೆ ರಕ್ತ ತಗುಲಿತು.

"ನಾನು ಇನ್ನೂ ಬಸ್ಸಲ್ಲೇ ಇದ್ದೀನಿ" ಎಂದ. "ನನ್ನ ಮಾತು ಕೇಳಿ ನೀನು ಬಿದ್ದೆ. ನಡಿ ಮನೆಗೆ."

ಮನೆಗೆ ಬಂದವನು ಮತ್ತೆ ಕುರ್ಚಿಯಲ್ಲಿ ಕೂತ. ಈ ಸಲ ಕೂತದ್ದು ಬೇರೆ ಬಗೆ. ಮೊದಲು ಅವನ ಬಳಿ ರಸ್ತೆಯ ನೆನಪಾದರೂ ಇತ್ತು. ಈಗ ಆ ನೆನಪೂ ಕೈಕೊಟ್ಟಿತ್ತು. ತಿರುವುಗಳ ಹೆಸರು ಅವನ ಬಾಯಲ್ಲಿ ಬರಲೇ ಇಲ್ಲ. ಅತ್ತಿಗೆ ಕೂಡ ಚುಚ್ಚುವುದನ್ನು ನಿಲ್ಲಿಸಿ, ಮೆಲ್ಲಗೆ, "ಇವನನ್ನ ಇವನ ಪಾಡಿಗೆ ಬಿಟ್ಟುಬಿಡು ತಾಯಿ" ಎಂದಾಗ ಅಕ್ಕನಿಗೆ ಹೆಚ್ಚು ಹೆದರಿಕೆಯಾಯಿತು. ಚುಚ್ಚುತ್ತಿದ್ದ ನಾಲಿಗೆ ಮೃದುವಾದರೆ ಆಸೆ ಬಿಟ್ಟಿದೆಯೆಂದೇ ಅರ್ಥ.

ಅವಳು ಒಬ್ಬಳೇ ಶೆಡ್ಡಿಗೆ ಹೋಗಿ ನಡೆದುದನ್ನು ಹೇಳಿದಳು. ಗ್ರೀಸಣ್ಣ ಚೈನಿಗೆ ಎಣ್ಣೆ ಬಿಡುತ್ತ ಪೂರ್ತಿ ಕೇಳಿದ. "ನೆತ್ತಿದಾರಿಗೆ ಹೋಗಿದ್ರಾ?" ಎಂದು ಕೇಳಿದ. "ಗುಡ್ಡದ ಬೆನ್ನ ಮೇಲಿನ ಏಣು ಹಿಡಿದು ಹೋಗುತ್ತೆ. ಬಸ್ಸು ನಿಲ್ಲಿಸಿದ ಮೇಲೆ ಸೈಕಲ್ಲಿಗೆ ಅಂತಲೇ ಹೊಸದಾಗಿ ಹಾಕಿದ್ದು. ಡಾಂಬರು ಕನ್ನಡಿ ಇದ್ದ ಹಾಗಿದೆ."

ಆ ಸಂಜೆ ಅವಳು ಕುರ್ಚಿಯೆದುರು ನೆಲದ ಮೇಲೆ ಕೂತಳು. "ರೀ, ಮೇಲೆ ಇನ್ನೊಂದು ದಾರಿ ಇದೆಯಂತೆ. ಹೊಸದು. ಅದರ ಮೇಲೆ ಯಾವ ಬಸ್ಸೂ ಹೋಗಿಲ್ಲ. ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ಗೊತ್ತಿಲ್ಲದ ಕಡೆ ನಾನು ಬಂದು ಏನು ಮಾಡ್ಲಿ?"

"ತುಳೀರಿ."

ಅವನು ಮುಖವನ್ನು ಅವಳತ್ತ ತಿರುಗಿಸಿದ. ಅವನಿಗೆ ಸಿಟ್ಟು ಬಂದಿದೆಯೆಂದು ಅವಳು ತಿಳಿದಳು. ಸಿಟ್ಟು ಬಂದಿದ್ದರೂ ವಾಸಿ, ಸಿಟ್ಟು ಬರುವುದು ಬದುಕಿರುವವರಿಗೆ. ಆದರೆ ಅವನು ಕೇಳಿದ್ದು ಬೇರೆ. "ನೀನು ದಾರಿ ಹೇಳ್ತೀಯಾ?"

"ಹೇಳ್ತೀನಿ."

"ಬೀಳಿಸಿದರೆ?"

"ಒಂದು ಸಲ ನೀವು ಬೀಳಿಸಿದ್ದೀರಿ. ಈಗ ಸರದಿ ನಂದು."

ಅವನ ತುಟಿಯ ಒಂದು ಕೊನೆ ಮೇಲೆದ್ದಿತು.

ಮರುದಿನ ಬೆಳಗಿನ ಬಿಸಿಲಿನಲ್ಲಿ ಅವರು ಹೊರಟರು. ಹಳೆಯ ರಸ್ತೆಯ ಮೇಲಿದ್ದಷ್ಟು ಹೊತ್ತೂ ಭಾವ ಹಲ್ಲುಕಚ್ಚಿ ಸುಮ್ಮನಿದ್ದ. ನೆತ್ತಿದಾರಿ ಕವಲೊಡೆಯುವಲ್ಲಿ ಚಕ್ರದ ಕೆಳಗಿನ ಒರಟು ಸದ್ದು ಅಳಿದು ನುಣ್ಣನೆಯ ಸದ್ದಾದಾಗ ಅವನ ಪಾದ ಒಂದು ಕ್ಷಣ ತಡೆಯಿತು. ಬಸ್ಸಿನ ರಸ್ತೆ ಅಲ್ಲಿಗೆ ಮುಗಿದಿತ್ತು. ಅಲ್ಲಿಂದ ಮುಂದೆ ಅವನಿಗೆ ಅವಳ ಮಾತಲ್ಲದೆ ಬೇರೆ ನೆಲವಿರಲಿಲ್ಲ.

ಅಕ್ಕನಿಗೆ ಗುಡ್ಡದ ಭಾಷೆ ಬರುತ್ತಿರಲಿಲ್ಲ. ಬರುತ್ತಿದ್ದ ಭಾಷೆಯಲ್ಲೇ ಅವಳು ಹೇಳತೊಡಗಿದಳು. "ಈಗ ಬಲಕ್ಕೆ, ಅಂಗಿ ಕಾಲರ್ ಬಾಗಿದ ಹಾಗೆ, ಸಣ್ಣಗೆ. ಈಗ ಪರದೆ ಅಂಚಿನ ಹಾಗೆ ನೇರ. ಈಗ ನೆರಿಗೆ ಬಂತು, ಏರು, ಇಳಿ, ಏರು." ಮೊದಮೊದಲು ಅವನ ಮೈ ತಡವಾಗಿ ವಾಲುತ್ತಿತ್ತು, ಸೈಕಲ್ಲು ಗೊಣಗುತ್ತಿತ್ತು. ಬರಬರುತ್ತ ಗೊಣಗು ಕಡಿಮೆಯಾಯಿತು.

"ಕೆಳಗೆ ನೀರು ಹರೀತಿದೆ" ಎಂದ ಭಾವ ಇದ್ದಕ್ಕಿದ್ದಂತೆ.

"ನನಗೆ ಕಾಣ್ತಿಲ್ಲ."

"ರಸ್ತೆ ಅಡಿಯಲ್ಲಿ. ಎಡದಿಂದ ಬಲಕ್ಕೆ." ಸ್ವಲ್ಪ ಹೊತ್ತಿನ ಮೇಲೆ ಅವನೇ ಅಂದ: "ಇದೇ ನೀರು ಕೆಳಗೆ ಹಲ್ಲುಕಡಿ ಹತ್ರ ದಾಟಬೇಕು. ಅದರ ಮೇಲೆ ಅಷ್ಟು ವರ್ಷ ಹೋಗಿದ್ದೀನಿ. ಇಂಜಿನ್ ಸದ್ದಲ್ಲಿ ಒಂದು ದಿನವೂ ಕೇಳಿಲ್ಲ." ಅವನ ದನಿಯಲ್ಲಿ ದುಃಖವಿರಲಿಲ್ಲ. ಹೊಸ ಊರಿಗೆ ಬಂದಿಳಿದವನ ಕುತೂಹಲವಿತ್ತು.

ಮರಗಳು ಮುಗಿದವು. ಕೊನೆಯ ಏರನ್ನು ಏದುಸಿರಿನಲ್ಲಿ ಹತ್ತಿ ಮೇಲೆ ಬಂದಾಗ ಅಕ್ಕ ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಂತಿತು.

ಗುಡ್ಡದ ಏಣು ಕತ್ತಿಯ ಬೆನ್ನಿನಂತೆ ಸಪೂರವಾಗಿ ಮುಂದೆ ಸಾಗಿತ್ತು, ಅದರ ಮೇಲೆ ರಸ್ತೆ. ಬಲಕ್ಕೆ ಇಡೀ ಊರು, ಎಡಕ್ಕೆ ಹೆಸರಿಲ್ಲದ ಗುಡ್ಡಗಳು ಒಂದರ ಹಿಂದೊಂದು ನೀಲಿಯಾಗುತ್ತ, ತೆಳುವಾಗುತ್ತ, ಕೊನೆಯದು ಗುಡ್ಡವೋ ಆಕಾಶವೋ ತಿಳಿಯದ ಹಾಗೆ. ಮೋಡದ ನೆರಳೊಂದು ಕೆಳಗಿನ ಹುಲ್ಲುಗಾವಲನ್ನು ಅವಸರವಿಲ್ಲದೆ ದಾಟುತ್ತಿತ್ತು. ಅವಳು ಮೋಡವನ್ನು ಮೇಲಿನಿಂದ ನೋಡಿರಲಿಲ್ಲ; ಈಗಲೂ ನೋಡಲಿಲ್ಲ, ಆದರೆ ಅದರ ನೆರಳಿಗಿಂತ ಮೇಲೆ ನಿಂತಿದ್ದಳು. ಹಕ್ಕಿಯೊಂದರ ಬೆನ್ನು ಕಂಡಿತು. ಬರೀ ಕಾಲುಗಳನ್ನು ತೋರಿಸುವ ಕಿಟಕಿಯಲ್ಲಿ ಲೋಕ ನೋಡಿದವಳಿಗೆ ಹಾರುವ ಹಕ್ಕಿಯ ಬೆನ್ನು ನೋಡುವುದೆಂದರೆ ಏನೆಂದು ಹೇಳಲು ಯಾವ ಹೊಲಿಗೆಯ ಮಾತೂ ಒದಗಲಿಲ್ಲ. ಅವಳು ಬ್ರೇಕು ಹಿಡಿದು ಕಾಲೂರಿದಳು.

"ಯಾಕೆ ಸುಮ್ಮನಾದೆ?" ಎಂದ ಭಾವ. "ಏನಾಯ್ತು? ಏನಾದ್ರೂ ಹೇಳು."

"ಹೇಳೋಕೆ ಬರ್ತಿಲ್ಲ ರೀ."

ಅವನು ಅವಳ ಬೆನ್ನ ಹಿಂದೆ ಕಾಲೂರಿ ನಿಂತ. ಎರಡೂ ಬದಿಯಿಂದ ಬಂದ ಗಾಳಿ ಅವನ ಅಂಗಿಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆಯಿತು. ಅವನು ಎಡಕ್ಕೆ ಮುಖ ಮಾಡಿ ಕಿವಿಗೊಟ್ಟ, ಬಲಕ್ಕೆ ಮುಖ ಮಾಡಿ ಕಿವಿಗೊಟ್ಟ. ನಿಧಾನವಾಗಿ ಹ್ಯಾಂಡಲಿನಿಂದ ಒಂದು ಕೈ ಬಿಟ್ಟು ಪಕ್ಕಕ್ಕೆ ಚಾಚಿದ, ಆಮೇಲೆ ಇನ್ನೊಂದು ಕೈ.

"ಎರಡೂ ಕಡೆ ನೆಲ ಇಲ್ಲ, ಅಲ್ವಾ?"

"ಇಲ್ಲ."

"ಎಷ್ಟು ಆಳ?"

"ತುಂಬಾ."

"ನಾವು ತುಂಬಾ ಮೇಲಿದ್ದೀವಿ" ಎಂದ ಭಾವ. ಪ್ರಶ್ನೆಯಲ್ಲ. ದೇವರ ಮುಂದೆ ಮಾತಾಡುವವರ ದನಿಯಲ್ಲಿ, ತಗ್ಗಿಸಿ ಹೇಳಿದ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದೆಯೂ ಇಬ್ಬರೂ ಒಂದೇ ದೊಡ್ಡದರ ಎದುರು ನಿಂತಿದ್ದರು.

ಮುಂದೆ ರಸ್ತೆ ಕೆಳಗಿಳಿಯುತ್ತಿತ್ತು, ತಿರುಗಿ ತಿರುಗಿ, ಕಣ್ಣು ಹೋದಷ್ಟು ದೂರ. ಬಂದ ದಾರಿಯಲ್ಲೇ ಸೈಕಲ್ಲು ತಳ್ಳಿಕೊಂಡು ಹಿಂದಿರುಗಬಹುದೆಂದು ಅವಳು ಹೇಳಬೇಕೆಂದಿದ್ದಳು. "ಮುಂದೆ ಪೂರಾ ಇಳಿಜಾರು" ಎಂದಷ್ಟೇ ಹೇಳಿ ಕಾದಳು. ಹಿಂದಿನ ಸೀಟು ಕಿರುಗುಟ್ಟಿತು. ಅವನು ಏರಿ ಕೂತಿದ್ದ.

ಮೊದಲ ತಿರುವನ್ನು ಅವಳು ಹೇಳಿದಳು, ಎರಡನೆಯದನ್ನೂ. ಆಮೇಲೆ ಗಾಳಿ ಬಾಯಿಗೆ ನುಗ್ಗಿ ಮಾತು ಆಡಲಾಗಲಿಲ್ಲ. ಹೇಳದೆ ಬಂದ ತಿರುವು ಹತ್ತಿರಾಗುತ್ತಿದ್ದಂತೆ ಅವಳ ಬೆನ್ನು ಬಿಗಿಯಿತು. ಅವಳು ವಾಲಿದಳು. ಅದೇ ಗಳಿಗೆಯಲ್ಲಿ, ಒಂದಿಷ್ಟೂ ಹಿಂದೆ ಮುಂದೆ ಆಗದೆ, ಹಿಂದಿನ ಭಾರವೂ ವಾಲಿತು. ಮುಂದಿನ ತಿರುವಿನಲ್ಲೂ ಹಾಗೇ. ಅವಳ ಭುಜ ಎತ್ತ ಹೋಗಲಿದೆಯೆಂಬುದು ಕಬ್ಬಿಣದ ಕೊಳವೆಯೊಳಗೆ ಹರಿದು ಅವನನ್ನು ತಲುಪುತ್ತಿದ್ದಂತೆ, ಆ ಉದ್ದನೆಯ ಸೈಕಲ್ಲು ಒಂದೇ ಮೈಯಾಗಿ ಗುಡ್ಡದಿಂದ ಹರಿದು ಇಳಿಯಿತು. ಎದುರಿಗೆ ಬರುವ ವಾಹನವಿಲ್ಲ, ಹಿಂದೆ ಅಟ್ಟಿ ಬರುವ ಹಾರನ್ನಿಲ್ಲ. ಕಿವಿಯಲ್ಲಿ ಗಾಳಿ, ಗಾಳಿಯೊಳಗೆ ಒಂದು ವಿಚಿತ್ರ ಸದ್ದು. ಅದು ಗಂಡನ ನಗುವೆಂದು ತಿಳಿಯಲು ಅವಳಿಗೆ ಇನ್ನೂ ಎರಡು ತಿರುವು ಬೇಕಾದವು. ಅಷ್ಟು ಕಾಲವಾಗಿತ್ತು ಅದನ್ನು ಕೇಳಿ.

ಬುಡದ ಹುಲ್ಲುಗಾವಲಿನ ಹತ್ತಿರ ಅವಳ ಬೆರಳುಗಳು ಬ್ರೇಕು ಹಿಡಿದು ಹಿಡಿದು ಮರಗಟ್ಟಿದ್ದವು. ಅವಳು ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದೆ?" ಎಂದ ಭಾವ. "ದಾರಿ ಮುಗೀತಾ?"

"ಇಲ್ಲ. ಇನ್ನೂ ಇದೆ."

ಅವಳು ಕೈ ಕೊಡವಿಕೊಳ್ಳುತ್ತಿರುವಾಗಲೇ, ಹಿಂದೆ ಅವನ ಕಾಲು ಗಾಳಿಯಲ್ಲಿ ಪೆಡಲು ಹುಡುಕುತ್ತಿತ್ತು.